ಟ್ರೈಟಾನ್ ಎಕ್ಸ್-100ರ ಮಬ್ಬು ಮತ್ತು ಸರಿಯಾಗಿ ತೊಳೆಯದ ಒಂದು ಬೀಕರ್

ರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿ ನಾನು ಆರಿಸಿಕೊಂಡ ಪ್ರಾಜೆಕ್ಟ್, ಟ್ರೈಟಾನ್ ಎಕ್ಸ್-100 ಎಂಬ ನಾನ್‌ಅಯಾನಿಕ್ ಸರ್ಫ್ಯಾಕ್ಟೆಂಟಿನ (ಸಾಬೂನಿನಂತೆ ಕೆಲಸ ಮಾಡುವ, ಆದರೆ ಆವೇಶವಿಲ್ಲದ ವಸ್ತುವಿನ) ದ್ರಾವಣಕ್ಕೆ ಬೇರೆ ಬೇರೆ ವಸ್ತುಗಳನ್ನು ಬೆರೆಸಿ ಅದರ ಕ್ಲೌಡ್ ಪಾಯಿಂಟ್, ಅಂದರೆ ದ್ರಾವಣ ಮಬ್ಬಾಗುವ ತಾಪ, ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಅಳೆಯುವುದಾಗಿತ್ತು. ಶೇಕಡಾ 1ರ ದ್ರಾವಣ ಕೋಣೆಯ ತಾಪದಲ್ಲಿ ನೀರಿನಷ್ಟೇ ತಿಳಿಯಾಗಿರುತ್ತದೆ. ಬಿಸಿ ಮಾಡುತ್ತ ಹೋದರೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಜ್ಜಿಗೆಯ ತಿಳಿಯಂತೆ ಮಬ್ಬಾಗುತ್ತದೆ, ತಣಿದರೆ ಮತ್ತೆ ತಿಳಿಯಾಗುತ್ತದೆ. ಬಿಸಿ ಮಾಡಿದರೆ ಕರಗುವಿಕೆ ಹೆಚ್ಚುತ್ತದೆ ಎಂದೇ ಓದಿಕೊಂಡು ಬಂದವಳಿಗೆ ಇದು ಮೊದಲ ದಿನವೇ ಹಿಡಿಸಿಬಿಟ್ಟಿತು.

ಈ ಅಣುವಿನ ನೀರಿಗೆ ಒಲಿಯುವ ಬಾಲದಲ್ಲಿ ಸರಾಸರಿ ಒಂಬತ್ತೂವರೆ ಎಥಿಲೀನ್ ಆಕ್ಸೈಡ್ ಘಟಕಗಳಿರುತ್ತವೆ. ಅವುಗಳ ಆಮ್ಲಜನಕ ಪರಮಾಣುಗಳು ಹೈಡ್ರೋಜನ್ ಬಂಧದ ಮೂಲಕ ನೀರನ್ನು ಹಿಡಿದುಕೊಂಡಿರುವವರೆಗೆ, ಈ ಅಣುಗಳು ಗುಂಪುಗೂಡಿ ಆದ ಸಣ್ಣ ಉಂಡೆಗಳಾದ ಮಿಸೆಲ್‌ಗಳು ಒಂದರಿಂದೊಂದು ದೂರವಿರುತ್ತವೆ. ತಾಪ ಏರಿದಂತೆ ಆ ಹಿಡಿತ ಸಡಿಲವಾಗಿ, ಮಿಸೆಲ್‌ಗಳು ಪರಸ್ಪರ ಸೆಳೆದುಕೊಂಡು, ದ್ರಾವಣ ಸರ್ಫ್ಯಾಕ್ಟೆಂಟ್ ಹೆಚ್ಚಿರುವ ಪದರ ಮತ್ತು ಕಡಿಮೆಯಿರುವ ಪದರ ಎಂದು ಎರಡಾಗಿ ಒಡೆಯುತ್ತದೆ. ಇದೇ ಕುಟುಂಬದ ಟ್ರೈಟಾನ್ ಎಕ್ಸ್-114ರಲ್ಲಿ ಬಾಲ ಎರಡು ಘಟಕಗಳಷ್ಟು ಗಿಡ್ಡ. ಅಷ್ಟಕ್ಕೇ ಅದರ ಕ್ಲೌಡ್ ಪಾಯಿಂಟ್ 23 ಡಿಗ್ರಿಯ ಆಸುಪಾಸಿಗೆ ಬಂದುಬಿಡುತ್ತದೆ.

ಟ್ರೈಟಾನ್ ಜೇನಿನಂತೆ ಮಂದವಾದ್ದರಿಂದ ಪಿಪೆಟ್ಟಿನಲ್ಲಿ ಅಳೆಯಲು ಹೋಗದೆ ತೂಗಿಯೇ ತೆಗೆದುಕೊಳ್ಳುತ್ತಿದ್ದೆ. ನೀರು ಸೋಕಿದೊಡನೆ ಅದು ಲೋಳೆಯಂಥ ಗಂಟುಗಳಾಗುತ್ತದೆ. ಜೋರಾಗಿ ಕಲಕಿದರೆ ನೊರೆ ಬರುತ್ತದೆಯೇ ಹೊರತು ಗಂಟು ಕರಗುವುದಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ಬೆರೆಸಿ ಇಡುವುದನ್ನು ರೂಢಿ ಮಾಡಿಕೊಂಡೆ. ಮರುದಿನ 10 ಮಿಲಿಲೀಟರ್ ದ್ರಾವಣವನ್ನು ಟೆಸ್ಟ್ ಟ್ಯೂಬಿಗೆ ಹಾಕಿ, ಥರ್ಮಾಮೀಟರನ್ನು ದ್ರಾವಣದೊಳಗೇ ಇಳಿಸಿ, ನೀರಿನ ಬೀಕರಿನಲ್ಲಿ ನಿಲ್ಲಿಸಿ ಕಾಯಿಸುತ್ತಿದ್ದೆ. ಬೀಕರಿನ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದವಿರುತ್ತಿತ್ತು. ಗೆರೆ ಕಾಣದಂತಾದ ತಾಪವನ್ನೂ ತಣಿಯುವಾಗ ಅದು ಮತ್ತೆ ಕಂಡ ತಾಪವನ್ನೂ ಬರೆದುಕೊಂಡು ಸರಾಸರಿ ತೆಗೆಯುತ್ತಿದ್ದೆ. ಮಬ್ಬು ಹತ್ತಿರವಾದಾಗ ನಿಮಿಷಕ್ಕೆ ಅರ್ಧ ಡಿಗ್ರಿಗಿಂತ ವೇಗವಾಗಿ ಕಾಯಿಸಿದರೆ ಎರಡು ಅಳತೆಗಳೂ ಹೊಂದಿಕೆಯಾಗುತ್ತಿರಲಿಲ್ಲ.

ಅಡಿಗೆ ಉಪ್ಪು ಬೆರೆಸಿದಾಗ ಕ್ಲೌಡ್ ಪಾಯಿಂಟ್ ಇಳಿಯಿತು, ಅಷ್ಟೇ ಮೋಲಾರಿಟಿಯ ಸೋಡಿಯಂ ಸಲ್ಫೇಟ್ ಬೆರೆಸಿದಾಗ ಇನ್ನೂ ಬಹಳ ಇಳಿಯಿತು. ನೀರನ್ನು ತಮ್ಮತ್ತ ಎಳೆದುಕೊಳ್ಳುವ ಅಯಾನುಗಳು ಬಾಲಕ್ಕೆ ನೀರು ಉಳಿಸುವುದಿಲ್ಲ. ಥಯೋಸಯನೇಟ್ ಮತ್ತು ಯೂರಿಯಾ ಕ್ಲೌಡ್ ಪಾಯಿಂಟನ್ನು ಏರಿಸಿದವು, ಸಕ್ಕರೆ ಇಳಿಸಿತು. ನನಗೆ ಹೆಚ್ಚು ರುಚಿಸಿದ್ದು ಆಲ್ಕೊಹಾಲ್‌ಗಳ ನಡವಳಿಕೆ: ಎಥನಾಲ್ ನೀರಿನಲ್ಲೇ ಉಳಿದು ಕ್ಲೌಡ್ ಪಾಯಿಂಟನ್ನು ಏರಿಸುತ್ತದೆ, ಬ್ಯೂಟನಾಲ್ ಮಿಸೆಲ್‌ನೊಳಗೆ ಸೇರಿಕೊಂಡು ಇಳಿಸುತ್ತದೆ. ಬೆರೆಸಿದ ವಸ್ತು ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿ ಕುಳಿತಿದೆ ಎನ್ನುವುದನ್ನು ಮೊದಲು ಕೇಳಬೇಕೆಂದು ನಾನು ಕಲಿತದ್ದು ಅಲ್ಲಿ.

ಆದರೆ ಅದು ನಿಜವಾಗಿ ಮನದಟ್ಟಾದದ್ದು ಮೂರನೆಯ ವಾರದ ಒಂದು ಎಡವಟ್ಟಿನಿಂದ. ಹೊಸದಾಗಿ ತಯಾರಿಸಿದ, ಏನನ್ನೂ ಬೆರೆಸದ ದ್ರಾವಣ 65ರಲ್ಲಿ ಮಬ್ಬಾಗಲಿಲ್ಲ. 71ರಲ್ಲಿ ತೆಳುವಾದ ನೀಲಿ ಛಾಯೆ ಬಂತು, ಗೆರೆ ಪೂರ್ತಿ ಮರೆಯಾಗಲು 76 ದಾಟಬೇಕಾಯಿತು. ಥರ್ಮಾಮೀಟರ್ ಕೆಟ್ಟಿದೆಯೆಂದುಕೊಂಡು ಬದಲಾಯಿಸಿದೆ, ತೂಕ ತಪ್ಪಿದೆಯೆಂದುಕೊಂಡು ಮತ್ತೆ ತೂಗಿದೆ. ಅದೇ ಬೀಕರಿನಲ್ಲಿ ತಯಾರಿಸಿದ ಎರಡನೆಯ ದ್ರಾವಣವೂ ಹಾಗೆಯೇ ನಡೆದುಕೊಂಡಾಗ ಬೀಕರಿನ ಮೇಲೆ ಅನುಮಾನ ಬಂತು. ಹಿಂದಿನ ದಿನ ಅವಸರದಲ್ಲಿ ಅದನ್ನು ಬಟ್ಟೆ ಒಗೆಯುವ ಪುಡಿ ಹಾಕಿ ತೊಳೆದು, ಒಂದೇ ಸಲ ಜಾಲಿಸಿ ಇಟ್ಟವಳು ನಾನೇ.

ಆ ಪುಡಿಯಲ್ಲಿರುವ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್ ಋಣ ಆವೇಶದ ಸರ್ಫ್ಯಾಕ್ಟೆಂಟ್. ಅದರ ಲೇಶ ಮಾತ್ರ ಸೇರಿದರೂ ಅದು ನೀರಿನಲ್ಲಿ ಉಳಿಯದೆ ನೇರವಾಗಿ ಟ್ರೈಟಾನ್ ಮಿಸೆಲ್‌ಗಳೊಳಗೆ ಹೊಕ್ಕು ಅವುಗಳಿಗೆ ಆವೇಶ ಕೊಡುತ್ತದೆ. ಆವೇಶ ಪಡೆದ ಮಿಸೆಲ್‌ಗಳು ಒಂದನ್ನೊಂದು ತಳ್ಳುವುದರಿಂದ ಇನ್ನೂ ಹೆಚ್ಚು ಕಾಯಿಸಿದ ಹೊರತು ಕೂಡುವುದಿಲ್ಲ. ಈ ಊಹೆ ನಿಜವಾದರೆ ಅದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿತ್ತು: ಉಪ್ಪಿನ ಅಯಾನುಗಳು ಆ ಆವೇಶವನ್ನು ಮರೆಮಾಡಬೇಕು. ಒಂದು ಟ್ಯೂಬಿನಲ್ಲಿ ಶುದ್ಧ ದ್ರಾವಣ, ಇನ್ನೊಂದರಲ್ಲಿ ಆ ಬೀಕರಿನ ಕಲುಷಿತ ದ್ರಾವಣ ಹಾಕಿ, ಎರಡಕ್ಕೂ 0.1 ಮೋಲಾರ್ ಆಗುವಂತೆ ತಲಾ 58 ಮಿಲಿಗ್ರಾಂ ಉಪ್ಪು ಹಾಕಿದೆ. ಶುದ್ಧ ದ್ರಾವಣದಲ್ಲಿ ಮಬ್ಬಿನ ತಾಪ ಒಂದೆರಡು ಡಿಗ್ರಿ ಮಾತ್ರ ಇಳಿಯಿತು. ಕಲುಷಿತ ದ್ರಾವಣದಲ್ಲಿ ಅದು ಹತ್ತು ಡಿಗ್ರಿಗೂ ಹೆಚ್ಚು ಕುಸಿದು, ಎರಡೂ ಟ್ಯೂಬುಗಳ ಹಿಂದಿನ ಗೆರೆಗಳು ಹೆಚ್ಚುಕಡಿಮೆ ಒಟ್ಟಿಗೇ ಮರೆಯಾದವು. ಆ ಸಂಜೆ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ತೋರಿಸಲು ಯಾರಾದರೂ ಇರಬೇಕಿತ್ತು ಎನ್ನಿಸಿತು.

ಮುಂದಿನ ವಾರ ಬೇಕೆಂದೇ ಸೋಡಿಯಂ ಡೋಡೆಸೈಲ್ ಸಲ್ಫೇಟ್ ಎಂಬ ಇನ್ನೊಂದು ಋಣ ಆವೇಶದ ಸರ್ಫ್ಯಾಕ್ಟೆಂಟನ್ನು ಮಿಲಿಮೋಲಾರ್ ಪ್ರಮಾಣಗಳಲ್ಲಿ ಬೆರೆಸಿ ಇದನ್ನೇ ಕ್ರಮಬದ್ಧವಾಗಿ ಅಳೆದೆ, ಪ್ರಾಜೆಕ್ಟಿನ ಅತ್ಯುತ್ತಮ ಅಧ್ಯಾಯ ಅದೇ ಆಯಿತು. ಕ್ಲೌಡ್ ಪಾಯಿಂಟ್ ಬಳಸಿ ಲೋಹದ ಅಯಾನುಗಳನ್ನು ಬೇರ್ಪಡಿಸುವವರು ಉಪ್ಪು ಹಾಕಿ ಮಬ್ಬನ್ನು ಕಡಿಮೆ ತಾಪಕ್ಕೆ ಇಳಿಸಿಕೊಳ್ಳುತ್ತಾರೆ. ಮಾದರಿಯಲ್ಲಿ ಸಾಬೂನು ಪುಡಿಯ ಅಂಶವಿದ್ದರೆ ಆ ಲೆಕ್ಕ ಹೇಗೆ ತಪ್ಪುತ್ತದೆಂದು ಅವರು ಇದೇ ಉಪ್ಪಿನ ಪರೀಕ್ಷೆಯಿಂದ ನೋಡಿಕೊಳ್ಳಬಹುದು. ಈಗ ನಾನು ಗಾಜಿನ ಸಾಮಾನನ್ನು ಪುಡಿ ಮುಟ್ಟಿಸದೆ ಬಿಸಿನೀರು, ಎಥನಾಲ್, ಕೊನೆಗೆ ಹಲವು ಸಲ ಡಿಸ್ಟಿಲ್ಡ್ ವಾಟರ್ ಹಾಕಿ ತೊಳೆಯುತ್ತೇನೆ. ಪ್ರತಿ ಸರಣಿಗೂ ಮೊದಲು ಏನನ್ನೂ ಬೆರೆಸದ ದ್ರಾವಣವನ್ನು ಅದೇ ಟ್ಯೂಬಿನಲ್ಲಿ ಕಾಯಿಸಿ, ಮಬ್ಬು 65ರ ಆಸುಪಾಸಿನಲ್ಲಿ ಒಮ್ಮೆಲೇ ಕವಿಯದಿದ್ದರೆ ಆ ಟ್ಯೂಬನ್ನು ಮತ್ತೆ ತೊಳೆಯಲು ಕಳಿಸುತ್ತೇನೆ.