ಟೇಬಲ್ ಮೇಲೆ ತಿರುಗಿದ ಚಕ್ರ 7 ಕೆಲ್ವಿನ್‌ನಲ್ಲಿ ಯಾಕೆ ನಿಂತಿತು

ಇನ್‌ಫ್ರಾರೆಡ್ ಕ್ಯಾಮೆರಾ ತಾನೇ ಬೆಚ್ಚಗಿದ್ದರೆ ನಕ್ಷತ್ರ ಬಿಟ್ಟು ತನ್ನ ಬಿಸಿಯನ್ನೇ ನೋಡುತ್ತಾ ಕೂರುತ್ತದೆ. ಅದಕ್ಕೇ ಒಳಗಿನದ್ದೆಲ್ಲ 7 ಕೆಲ್ವಿನ್‌ಗೆ, ಅಂದರೆ ಸುಮಾರು ಮೈನಸ್ 266 ಡಿಗ್ರಿಗೆ ಇಳಿಯಬೇಕು. ಜರ್ಮನಿಯ ಒಂದು ಲ್ಯಾಬಿನಲ್ಲಿ ಅಂಥ ಕ್ಯಾಮೆರಾಗೆ ಫಿಲ್ಟರ್ ಚಕ್ರ, ಅಂದರೆ ಬೇಕಾದ ಫಿಲ್ಟರನ್ನು ಬೆಳಕಿನ ದಾರಿಗೆ ತಿರುಗಿಸಿ ತರುವ ಚಕ್ರ, ಮಾಡುವುದು ನನ್ನ ಕೆಲಸವಾಗಿತ್ತು.

ಮೊದಲ ಮಾದರಿ ಟೇಬಲ್ ಮೇಲೆ ಬೆರಳು ತಾಕಿಸಿದರೆ ಸಾಕು, ತಿರುಗುತ್ತಿತ್ತು. ಕ್ರಯೋಸ್ಟಾಟ್‌ಗೆ, ಅಂದರೆ ಅಷ್ಟು ಚಳಿ ಹಿಡಿದಿಡುವ ಪೆಟ್ಟಿಗೆಗೆ ಹಾಕಿ, ಮೂರು ದಿನ ತಣಿಸಿ, ಕರೆಂಟ್ ಕೊಟ್ಟರೆ ಅಲ್ಲಾಡಲೇ ಇಲ್ಲ.

ತಪ್ಪು ನನ್ನದೇ. ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಹಾಕುತ್ತಾರಲ್ಲ, ತಣ್ಣಗಾದಾಗ ಅದು ಮರವನ್ನು ಹಿಡಿದು ಹಿಂಡುವ ಹಾಗೆ ನನ್ನ ಅಲ್ಯೂಮಿನಿಯಂ ಚಕ್ರ ಸ್ಟೀಲ್ ಬೇರಿಂಗನ್ನು ಹಿಂಡಿತ್ತು. ಅಷ್ಟು ಚಳಿಗೆ ಅಲ್ಯೂಮಿನಿಯಂ ಮೀಟರಿಗೆ 4 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಕುಗ್ಗುತ್ತದೆ, ಬೇರಿಂಗ್ ಸ್ಟೀಲ್ ಸುಮಾರು 2. ನಮ್ಮ 60 ಮಿ.ಮೀ. ಬೇರಿಂಗಿಗೆ ವ್ಯತ್ಯಾಸ 0.12 ಮಿ.ಮೀ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ, ಆದರೆ ಒಳಗಿನ ಗುಂಡುಗಳಿಗೆ ಅಷ್ಟು ಜಾಗವೇ ಇರುವುದಿಲ್ಲ. ಆಮೇಲೆ ನಡುವೆ ಟೈಟಾನಿಯಂ ಉಂಗುರ ಹಾಕಿದೆ. ಅದು ಸ್ಟೀಲಿಗಿಂತಲೂ ಕಡಿಮೆ ಕುಗ್ಗುವುದರಿಂದ ಬೇರಿಂಗ್ ಸಡಿಲವಾಯಿತು, ಸರಿ, ತೆಳು ಸ್ಪ್ರಿಂಗ್ ತಟ್ಟೆಯಿಂದ ಒತ್ತಿ ಹಿಡಿಸಿದೆವು.

ಗ್ರೀಸ್ ಅಲ್ಲಿ ಕಲ್ಲಾಗುತ್ತದೆ, ಹಾಗಾಗಿ ಮಾಲಿಬ್ಡಿನಮ್ ಡೈಸಲ್ಫೈಡ್‌ನ ಒಣ ಲೇಪ. ಇದಕ್ಕೆ ತೇವದ ಗಾಳಿ ಆಗುವುದಿಲ್ಲ. ಯಾರೋ ಅತಿಥಿಗಳು ಬಂದರು ಅಂತ ಸುಮ್ನೆ ನಾಲ್ಕು ಸುತ್ತು ತಿರುಗಿಸಿ ತೋರಿಸುವುದು ನನಗೂ ಅಭ್ಯಾಸವಾಗಿತ್ತು, ಲೇಪ ಸವೆದ ಗುರುತು ಕಂಡ ಮೇಲೆ ಬಿಟ್ಟೆ. ಅಲ್ಲಿಂದಾಚೆ ಗಾಳಿಯಲ್ಲಿ ತಿರುಗಿಸಿದ ಪ್ರತಿ ಸುತ್ತೂ ಲಾಗ್ ಪುಸ್ತಕಕ್ಕೆ ಹೋಗುತ್ತಿತ್ತು.

ಚಕ್ರವನ್ನು ಜಾಗದಲ್ಲಿ ನಿಲ್ಲಿಸೋಕೆ ಮೋಟಾರ್ ಬಳಸಲಿಲ್ಲ, ಕರೆಂಟ್ ಹರಿದರೆ ಬಿಸಿ ಅಲ್ವಾ. ಜೇಮ್ಸ್ ವೆಬ್ ದೂರದರ್ಶಕದ ಮಿರಿ ಉಪಕರಣದ 18 ಸ್ಥಾನಗಳ ಫಿಲ್ಟರ್ ಚಕ್ರದಲ್ಲಿರುವ ಹಾಗೆ ಸ್ಪ್ರಿಂಗ್ ಇರುವ ತೋಳೊಂದು ಹಲ್ಲಿನ ಸಂದಿಗೆ ಬಿದ್ದು ಹಿಡಿದುಕೊಳ್ಳುತ್ತದೆ. ಮೋಟಾರ್ ಒಂದು ಕ್ಷಣ ತಳ್ಳಿದರೆ ಸಾಕು.

2022ರ ಆಗಸ್ಟ್‌ನಲ್ಲಿ ಅದೇ ಮಿರಿಯ ಗ್ರೇಟಿಂಗ್ (ಬೆಳಕನ್ನು ಅಲೆಯುದ್ದಗಳಾಗಿ ಬಿಡಿಸುವ ಗೀರುಫಲಕ) ಚಕ್ರವೊಂದರಲ್ಲಿ ಘರ್ಷಣೆ ಹೆಚ್ಚಾಗಿ, ಅದನ್ನು ಬಳಸುವ ವೀಕ್ಷಣೆಗಳನ್ನು ನವೆಂಬರ್‌ವರೆಗೆ ನಿಲ್ಲಿಸಿದ್ದರು. ಸುದ್ದಿ ಓದಿದ ರಾತ್ರಿ ನಮ್ಮ ಹಳೇ ಲಾಗ್ ತೆಗೆದು, ಗಾಳಿಯಲ್ಲಿ ತಿರುಗಿಸಿದ ಸುತ್ತುಗಳನ್ನು ಮತ್ತೆ ಹುಡುಕಿದೆ.