ಅಟ್ಟದ ಮೇಲೊಂದು, ಬಾಗಿಲ ಹಿಂದೊಂದು: ನನ್ನ ಸ್ಟಿಕ್ ವ್ಯಾಕ್ಯೂಮ್ ಅನುಭವ

ನಮ್ಮ ಮನೆಯಲ್ಲಿ ಎರಡು ಸ್ಟಿಕ್ ವ್ಯಾಕ್ಯೂಮ್ ಕ್ಲೀನರ್‌ಗಳಿವೆ, ಅಂದರೆ ಉದ್ದ ಕೋಲಿನಂತೆ ಕೈಯಲ್ಲಿ ಹಿಡಿದು ತಳ್ಳುವ, ವೈರಿಲ್ಲದೆ ಬ್ಯಾಟರಿಯಲ್ಲಿ ಓಡುವ ಧೂಳು ಹೀರುವ ಯಂತ್ರಗಳು. ಒಂದು ಅಟ್ಟ ಸೇರಿದೆ. ಧೂಳು ಹೀರಬೇಕಾದದ್ದಕ್ಕೇ ಧೂಳು ಹಿಡಿದಿದೆ ಎಂದು ಮಗಳು ನಗುತ್ತಾಳೆ. ಇನ್ನೊಂದು ಅಡುಗೆಮನೆ ಬಾಗಿಲ ಹಿಂದೆ ಗೋಡೆಗೆ ತೂಗಿಕೊಂಡಿದ್ದು, ದಿನಾ ಕೆಳಗಿಳಿಯುತ್ತದೆ. ಮೊದಲನೆಯದೇನೂ ಕೆಟ್ಟ ಯಂತ್ರವಲ್ಲ. ಅದನ್ನು ಕೊಳ್ಳುವಾಗ ಡಬ್ಬದ ಮೇಲಿನ ಅಂಕಿಗಳನ್ನೆಲ್ಲ ಓದಿದೆ, ನಮ್ಮ ಮನೆ ಹೇಗಿದೆ ಅಂತ ಮಾತ್ರ ನೋಡಲಿಲ್ಲ.

2018ರಲ್ಲಿ ಡೈಸನ್ ಕಂಪನಿ ಇನ್ನು ಮುಂದೆ ವೈರಿರುವ ವ್ಯಾಕ್ಯೂಮ್‌ಗಳನ್ನು ಹೊಸದಾಗಿ ರೂಪಿಸುವುದಿಲ್ಲ ಎಂದು ಹೇಳಿತ್ತು. ಅದನ್ನು ಓದಿ ವೈರಿನ ಕಾಲ ಮುಗಿದೇಹೋಯಿತು ಅಂದುಕೊಂಡೆ. ನಾನು ತಂದದ್ದು ಬೇರೆ ಕಂಪನಿಯದು, ಹೆಸರು ಬೇಡ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘60 ನಿಮಿಷ’ ಅಂತಿತ್ತು. ಮನೆಗೆ ತಂದ ಮೇಲೆ ಕೈಪಿಡಿಯ ಸಣ್ಣಕ್ಷರ ಕಣ್ಣಿಗೆ ಬಿತ್ತು: ಆ 60 ನಿಮಿಷ ಎಲ್ಲಕ್ಕಿಂತ ಕಡಿಮೆ ವೇಗದಲ್ಲಿ, ಅದೂ ತಿರುಗುವ ಬ್ರಷ್ ಇಲ್ಲದ ಮೂತಿ ಹಾಕಿದಾಗ. ನೆಲ ಗುಡಿಸುವ ಬ್ರಷ್ ಹಾಕಿ ಮಧ್ಯಮ ವೇಗದಲ್ಲಿಟ್ಟರೆ 25 ನಿಮಿಷ. ಪೂರ್ತಿ ವೇಗದಲ್ಲಿ ನಾನೇ ಗಡಿಯಾರ ಹಿಡಿದು ನೋಡಿದೆ, 8 ನಿಮಿಷಕ್ಕೆ ಉಸಿರು ನಿಂತಿತು. ಆಮೇಲೆ ನಾಲ್ಕು ಗಂಟೆ ಚಾರ್ಜು. ಭಾನುವಾರದ ಸ್ವಚ್ಛತೆ ಅರ್ಧಕ್ಕೇ ನಿಂತು ಸಂಜೆಗೆ ಹೋಗುತ್ತಿತ್ತು, ಸಂಜೆ ಯಾರಿಗೆ ಮನಸ್ಸಿರುತ್ತದೆ? ಎರಡು ತಿಂಗಳಲ್ಲಿ ಪೊರಕೆಯೇ ವಾಪಸ್ ಬಂತು.

ಕೆಲವು ವರ್ಷ ಕಳೆದ ಮೇಲೆ ಅಮ್ಮನಿಗೆ ಬಗ್ಗಿ ಗುಡಿಸುವುದು ಕಷ್ಟವಾಗತೊಡಗಿತು. ಮತ್ತೆ ಅದೇ ಮಾತು ಬಂತು. ಈ ಸಲ ಹೆಂಡತಿ ಒಂದೇ ಷರತ್ತು ಹಾಕಿದಳು: “ಮೊದಲು ಒಂದು ವಾರ ನೀವೇ ಗುಡಿಸಿ. ಆಮೇಲೆ ಯಾವುದು ಬೇಕೋ ತನ್ನಿ.”

ಆ ವಾರದಲ್ಲಿ ಕಲಿತಷ್ಟನ್ನು ಯಾವ ಜಾಹೀರಾತೂ ಹೇಳಿರಲಿಲ್ಲ. ಪೊರಕೆ ಹಿಡಿಯುವಾಗ ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತುತ್ತಿದ್ದೆ. ದಿನನಿತ್ಯದ ಗುಡಿಸುವಿಕೆ, ಅಂದರೆ ಹಾಲ್, ಅಡುಗೆಮನೆ, ಎರಡು ಕೋಣೆ, 18ರಿಂದ 22 ನಿಮಿಷ. ಸೋಫಾ ಸರಿಸಿ, ಪರದೆ ಕೊಡವಿ, ಹಾಸಿಗೆ ಎತ್ತಿ, ಬಲೆ ತೆಗೆದು ಮಾಡುವ ವಾರದ ಕೆಲಸ ಒಂದೂಕಾಲು ಗಂಟೆ. ಇವೆರಡೂ ಬೇರೆ ಬೇರೆ ಕೆಲಸ ಎಂಬುದು ಮೊದಲ ಸಲ ತಲೆಗೆ ಹೋಗಲಿಲ್ಲ. ಬ್ಯಾಟರಿ ಮೇಲೆ ಓಡುವ ಸ್ಟಿಕ್ ಮೊದಲನೆಯದಕ್ಕೆ ಹೇಳಿ ಮಾಡಿಸಿದ್ದು, ಎರಡನೆಯದಕ್ಕೆ ಅದನ್ನು ದುಡಿಸಹೋದರೆ ಸಿಟ್ಟು ಬರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಗುಡಿಸುವ ಮನೆಗೂ ವಾರಕ್ಕೊಮ್ಮೆ ಇಡೀ ಮನೆ ಗುಡಿಸುವ ಮನೆಗೂ ಒಂದೇ ಯಂತ್ರ ಒಗ್ಗುವುದಿಲ್ಲ. ನಮ್ಮದು ದಿನಾ ಗುಡಿಸುವ ಮನೆ. ನಾನು ಮೊದಲು ತಂದ ಯಂತ್ರವನ್ನು ಭಾನುವಾರಕ್ಕೆಂದೇ ಇಟ್ಟುಕೊಂಡಿದ್ದೆ!

ಗುಡಿಸಿದ ಕಸವನ್ನು ನೇರವಾಗಿ ಬುಟ್ಟಿಗೆ ಹಾಕದೆ ಒಂದು ಹಳೆಯ ಅಳತೆ ಜಾಡಿಗೆ ಹಾಕಿ ನೋಡಿದೆ. ಮನೆಯವರೆಲ್ಲ ಮುಖ ಸಿಂಡರಿಸಿದರು, ಆದರೆ ಅಂಕಿ ಸಿಕ್ಕಿತು: ದಿನಕ್ಕೆ ಸುಮಾರು 150 ಮಿಲಿ. ತೂಕ ಏನೂ ಇಲ್ಲ, ಎಲ್ಲ ಕೂದಲು, ನೂಲು, ಹತ್ತಿಯಂಥ ಧೂಳು. ಸ್ಟಿಕ್‌ಗಳ ಕಸದ ಡಬ್ಬಿ ಸಾಮಾನ್ಯವಾಗಿ ಅರ್ಧ ಲೀಟರಿನ ಆಸುಪಾಸು, ಅದರಲ್ಲೂ ಗೆರೆ ದಾಟಿ ತುಂಬುವ ಹಾಗಿಲ್ಲ. ನಮಗೆ ಎರಡು ದಿನಕ್ಕೊಮ್ಮೆ ಖಾಲಿ ಮಾಡಿದರೆ ಸಾಕು.

ಭಾರದ ಪರೀಕ್ಷೆಗೆ ಹಣ ಬೇಕಿಲ್ಲ, ಎರಡು ಲೀಟರಿನ ನೀರಿನ ಬಾಟಲಿ ಸಾಕು. ಅದು ಎರಡು ಕಿಲೋ ತೂಗುತ್ತದೆ, ಬಹಳಷ್ಟು ಸ್ಟಿಕ್‌ಗಳು ಎರಡರಿಂದ ಮೂರು ಕಿಲೋ. ಮೋಟರು, ಬ್ಯಾಟರಿ, ಡಬ್ಬಿ ಮೂರೂ ಹಿಡಿಯ ಹತ್ತಿರವೇ ಇರುವ ಮಾದರಿಯಲ್ಲಿ ಭಾರವೆಲ್ಲ ಮಣಿಕಟ್ಟಿನ ಮೇಲೆ. ನೆಲದ ಮೇಲೆ ತಳ್ಳುವಾಗ ಅಷ್ಟು ತಿಳಿಯುವುದಿಲ್ಲ, ಮೂತಿ ಸ್ವಲ್ಪ ಭಾರ ಹೊರುತ್ತದೆ. ಕಪಾಟಿನ ಮೇಲ್ಭಾಗಕ್ಕೋ ಫ್ಯಾನಿಗೋ ಎತ್ತಿದಾಗ ಬಣ್ಣ ಬಯಲಾಗುತ್ತದೆ. ಬಾಟಲಿ ಹಿಡಿದು ಕೈ ಮೇಲೆತ್ತಿ ಆಡಿಸಮ್ಮಾ ಅಂದೆ. ಅಮ್ಮ ಅರ್ಧ ನಿಮಿಷಕ್ಕೇ ಬಾಟಲಿ ಕೆಳಗಿಟ್ಟು, “ಬಲೆ ತೆಗೆಯೋದು ನಿನ್ನ ಕೆಲಸ, ನೆಲ ಆದರೆ ನಾನು ನೋಡ್ಕೋತೀನಿ” ಅಂದರು. ಮೋಟರು ಕೆಳಗಿರುವ ಮಾದರಿ ಕೈಗೆ ಹಗುರ, ತಾನೇ ನೆಟ್ಟಗೆ ನಿಲ್ಲುವಂಥದ್ದೂ ಸಿಗುತ್ತದೆ. ಆದರೆ ಅದರ ಹೊಟ್ಟೆ ಮಂಚದ ಅಂಚಿಗೆ ತಾಗಿ ಒಳಗೆ ಹೋಗುವುದಿಲ್ಲ. ಟೇಪು ಹಿಡಿದು ಅಳೆದೆ: ನಮ್ಮ ಮಂಚದಡಿ 14 ಸೆಂ.ಮೀ., ಸೋಫಾದಡಿ 9. ಹೊಟ್ಟೆ ಕೆಳಗಿರುವುದು ಅಲ್ಲಿಗೆ ಪಟ್ಟಿಯಿಂದ ಹೊರಬಿತ್ತು. ಮೋಟರು ಮೇಲಿರುವುದರಲ್ಲಿ ಕೊಳವೆಯನ್ನು ನೆಲಕ್ಕೆ ಮಲಗಿಸಿದರೆ ಮೂತಿ ಗೋಡೆಯವರೆಗೂ ಹೋಗುತ್ತದೆ. ಅಮ್ಮ ಕೇಳಿದ್ದು ಅದನ್ನೇ, ಬಗ್ಗದೆ ಮಂಚದಡಿ ಗುಡಿಸಬೇಕು ಅಂತ.

ಗುಂಡಿಯ ವಿಷಯ ಚಿಕ್ಕದು, ಆದರೂ ಹೇಳಿಬಿಡುತ್ತೇನೆ. ಅಟ್ಟದ ಮೇಲಿನದಕ್ಕೆ ಬಂದೂಕಿನ ಕುದುರೆಯಂಥ ಗುಂಡಿ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುತ್ತದೆ. ಬ್ಯಾಟರಿ ಉಳಿಯುತ್ತದೆ ನಿಜ, ಬೆರಳು ಮಾತ್ರ ಉಳಿಯುವುದಿಲ್ಲ. ಕೀಲು ನೋವಿರುವವರ ಮನೆಗೆ ಒಮ್ಮೆ ಒತ್ತಿದರೆ ಓಡುತ್ತಲೇ ಇರುವಂಥದ್ದೇ ಬೇಕು.

ಇನ್ನು ಅಂಕಿಗಳು. ವ್ಯಾಟ್ ಎಂದರೆ ಮೋಟರು ತಿನ್ನುವ ವಿದ್ಯುತ್ತು, ಹೀರುವ ಶಕ್ತಿಯಲ್ಲ. ಐರೋಪ್ಯ ಒಕ್ಕೂಟ ವೈರಿರುವ ವ್ಯಾಕ್ಯೂಮ್‌ಗಳಿಗೆ 2014ರಲ್ಲಿ 1600 ವ್ಯಾಟ್ ಮಿತಿ ಹಾಕಿತು, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಅಲ್ಲಿಯ ಮನೆಗಳೇನೂ ಕೊಳೆಯಾಗಿ ಕೂರಲಿಲ್ಲ. ಆಮೇಲೆ ಪ್ಯಾಸ್ಕಲ್, ಅಂದರೆ ಸೆಳೆತದ ಅಳತೆ. ‘20,000 ಪ್ಯಾಸ್ಕಲ್’ ಅಂತ ಬರೆದಿರುತ್ತಾರಲ್ಲ, ಅದನ್ನು ಅಳೆಯುವುದು ಬಾಯಿಯನ್ನು ಪೂರ್ತಿ ಮುಚ್ಚಿ, ಗಾಳಿ ಹರಿಯದಂತೆ ಮಾಡಿ. ಸ್ಟ್ರಾದ ತುದಿಗೆ ಬೆರಳಿಟ್ಟು ಹೀರಿದರೆ ಬೆರಳು ಬಿಗಿಯಾಗಿ ಅಂಟುತ್ತದೆ, ಆದರೆ ಬಾಯಿಗೆ ಏನೂ ಬರುವುದಿಲ್ಲ. ಕಸವನ್ನು ಹೊತ್ತೊಯ್ಯುವುದು ಹರಿಯುವ ಗಾಳಿ. ಸೆಳೆತ, ಗಾಳಿಯ ಹರಿವು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಏರ್‌ವ್ಯಾಟ್. ಅದನ್ನು ಕೊಟ್ಟಿದ್ದರೆ ಹೋಲಿಸಿ ನೋಡಬಹುದು. ಅದೂ ಪೂರ್ತಿ ವೇಗದ್ದೋ, ದಿನಾ ಬಳಸುವ ಮಧ್ಯಮ ವೇಗದ್ದೋ ಅಂತ ಕೇಳಬೇಕು, ಹೆಚ್ಚಿನವರು ಹೇಳುವುದು ಪೂರ್ತಿ ವೇಗದ್ದನ್ನೇ. ನನ್ನ ಮಟ್ಟಿಗೆ ನುಣುಪು ನೆಲದ ಮನೆಯಲ್ಲಿ ಈ ಅಂಕಿಗಿಂತ ಮೂತಿಯ ಆಕಾರ ಹೆಚ್ಚು ಮುಖ್ಯ.

ಅದು ಗೊತ್ತಾದದ್ದು ಸ್ನೇಹಿತನಿಂದ ನಾಲ್ಕು ದಿನಕ್ಕೆ ಅವನ ಸ್ಟಿಕ್ ಎರವಲು ತಂದಾಗ. ಕೊಳ್ಳುವ ಮುಂಚೆ ಯಾರದ್ದಾದರೂ ಸಿಕ್ಕರೆ ಖಂಡಿತ ತಂದು ನೋಡಿ, ಅಂಗಡಿಯಲ್ಲಿ ಎರಡು ನಿಮಿಷ ತಳ್ಳಿ ನೋಡಿದರೆ ಏನೂ ತಿಳಿಯುವುದಿಲ್ಲ. ಬಿರುಸು ಕೂದಲಿನ ಬ್ರಷ್ ಹಾಕಿ ಹಾಲಿನಲ್ಲಿ ಓಡಿಸಿದರೆ, ಚಪ್ಪಲಿಯಿಂದ ಉದುರಿದ ದಪ್ಪ ಮರಳು ಹಿಂದಕ್ಕೆ ಚಿಮ್ಮಿ ನನ್ನ ಕಾಲಿಗೇ ಬಡಿಯಿತು. ಅದು ಕಾರ್ಪೆಟ್ಟಿಗೆ ಮಾಡಿದ ಬ್ರಷ್ಷು, ಎಳೆಗಳ ಬುಡಕ್ಕೆ ಇಳಿದು ಕೆದಕಲು ಆ ಬಿರುಸು ಬೇಕು. ಮೆತ್ತನೆಯ ಬಟ್ಟೆಯಂಥ ರೋಲರ್ ಹಾಕಿದ ಮೇಲೆ ಅದೇ ನೆಲದ ಸಣ್ಣ ಧೂಳು ಎಷ್ಟು ಚೆನ್ನಾಗಿ ಬಂತೆಂದರೆ, ಬೆಳಿಗ್ಗೆಯಷ್ಟೇ ಪೊರಕೆಯಲ್ಲಿ ಗುಡಿಸಿದ್ದ ನನಗೇ ನಾಚಿಕೆಯಾಯಿತು. ಮೂತಿಯ ಮುಂಭಾಗ ಪೂರ್ತಿ ಮುಚ್ಚಿದ್ದರೆ ದಪ್ಪ ಕಸ ಒಳಗೆ ಹೋಗದೆ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ, ಅದನ್ನೂ ಗಮನಿಸಿ.

ಉದ್ದ ಕೂದಲಿನವರು ಇಬ್ಬರಿರುವ ಮನೆ ನಮ್ಮದು. ಮೂರನೆಯ ದಿನಕ್ಕೆ ರೋಲರಿನ ಎರಡು ತುದಿಗಳಲ್ಲಿ ಬಳೆಯಂತೆ ಕೂದಲು ಸುತ್ತಿಕೊಂಡಿತ್ತು. ಕತ್ತರಿಯಲ್ಲಿ ಉದ್ದಕ್ಕೆ ಸೀಳಿ ಎಳೆಯಬೇಕು. ‘ಕೂದಲು ಸುತ್ತುವುದಿಲ್ಲ’ ಎಂಬ ಮಾತನ್ನು ‘ಕಡಿಮೆ ಸುತ್ತುತ್ತದೆ’ ಎಂದು ಓದಿಕೊಂಡರೆ ನಿರಾಸೆ ಇಲ್ಲ. ರೋಲರ್ ಸುಲಭವಾಗಿ ಬಿಚ್ಚಲು ಬರುತ್ತದೆಯೇ ಅಂತ ಮಾತ್ರ ಕೈಯಾರೆ ಬಿಚ್ಚಿ ನೋಡಬೇಕು.

ಸದ್ದಿಗೆ ಮಗಳು ಎರಡು ದಿನ ಎದ್ದು ಕೂತಳು. ಅಂದಿನಿಂದ ಅವಳ ಕೋಣೆಯ ಸರದಿ ಕೊನೆಗೆ.

ನನಗೆ ಧೂಳೆಂದರೆ ಸೀನು. ಹಾಗಾಗಿ ಫಿಲ್ಟರ್ ಬಗ್ಗೆ ಹೆಚ್ಚೇ ತಲೆಕೆಡಿಸಿಕೊಂಡೆ. ಹೆಪಾ ಎಂದರೆ ಅತಿ ಸಣ್ಣ ಧೂಳನ್ನೂ ತಡೆಯುವ ಫಿಲ್ಟರ್. ಎಚ್13 ದರ್ಜೆಯದಾದರೆ, ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ 99.95% ತಡೆಯಬೇಕು. ಆದರೆ ಗಾಳಿ ಫಿಲ್ಟರಿನ ಮೂಲಕವೇ ಹೊರಹೋದರೆ ತಾನೇ? ಸಂದುಗಳಲ್ಲಿ ಸೋರಿದರೆ ಆ ಅಂಕಿಗೆ ಬೆಲೆ ಇಲ್ಲ. ನನ್ನ ಸೀನು ಶುರುವಾಗುತ್ತಿದ್ದದ್ದಂತೂ ಓಡಿಸುವಾಗ ಅಲ್ಲ, ಡಬ್ಬಿ ಖಾಲಿ ಮಾಡುವಾಗ. ಚೀಲವಿಲ್ಲದ ಡಬ್ಬಿ ತೆರೆದರೆ ಅರ್ಧ ಧೂಳು ಮತ್ತೆ ಮೂಗಿಗೇ. ಈಗ ಡಬ್ಬಿಯನ್ನು ದೊಡ್ಡ ಚೀಲದೊಳಗಿಟ್ಟು, ಬಾಯಿ ಹಿಡಿದು, ಮನೆಯಾಚೆ ತೆರೆಯುತ್ತೇನೆ. ಅಲರ್ಜಿ ಜೋರಾಗಿ ಇರುವವರಿಗೆ ಕಾಗದದ ಅಥವಾ ಬಟ್ಟೆಯ ಚೀಲವಿರುವ ವೈರಿನ ಯಂತ್ರವೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಫಿಲ್ಟರ್ ತೊಳೆಯುವುದರಲ್ಲಿ ಒಂದು ಎಡವಟ್ಟೂ ಆಯಿತು. ರಾತ್ರಿ ತೊಳೆದು ಬೆಳಿಗ್ಗೆ ಮುಟ್ಟಿ ನೋಡಿದೆ, ಒಣಗಿದಂತಿತ್ತು. ಹಾಕಿದೆ. ಮಡಿಕೆಗಳ ಒಳಗೆ ತೇವ ಉಳಿದಿತ್ತು. ಯಂತ್ರ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಗಾಳಿ ಸಿಗದೆ ಮೋಟರು ಒದ್ದಾಡುತ್ತಿತ್ತು, ಜೊತೆಗೆ ಹಸಿ ಬಟ್ಟೆಯ ವಾಸನೆ. 24 ಗಂಟೆ ಒಣಗಿಸಿ ಅಂತ ಕೈಪಿಡಿಯಲ್ಲಿ ಬರೆದದ್ದು ಸುಮ್ಮನಲ್ಲ. ಈಗ ಎರಡು ಫಿಲ್ಟರ್ ಇಟ್ಟುಕೊಂಡಿದ್ದೇವೆ. ಗೋಡೆಗೆ ತೂತು ಕೊರೆದಾಗ ಬೀಳುವ ಸಿಮೆಂಟು ಪುಡಿಯನ್ನಂತೂ ಇದರಿಂದ ಎಳೆಯಬೇಡಿ, ಅಷ್ಟು ಸಣ್ಣ ಪುಡಿ ಫಿಲ್ಟರಿನ ರಂಧ್ರಗಳನ್ನು ಕಟ್ಟಿಹಾಕುತ್ತದೆ. ನೀರು, ಬಿಸಿ ಬೂದಿ ಸುತರಾಂ ಬೇಡ.

ಕೊನೆಗೆ ತೀರ್ಮಾನಕ್ಕೆ ಬಂದದ್ದು ಜಾಗದ ಮೇಲೆ. ಅಟ್ಟದಿಂದಲೋ ಕಪಾಟಿನಿಂದಲೋ ತೆಗೆದು ಬಳಸಬೇಕಾದರೆ ವೈರಿಲ್ಲದ ಯಂತ್ರದಿಂದ ಏನು ಪ್ರಯೋಜನ? ಅದು ಪೊರಕೆಯಷ್ಟೇ ಸಲೀಸಾಗಿ ಕೈಗೆ ಸಿಗಬೇಕು. ಅಂದರೆ ಗೋಡೆಯಲ್ಲಿ ಜಾಗ, ಪಕ್ಕದಲ್ಲಿ ಪ್ಲಗ್ಗು. ಒಲೆಯ ಪಕ್ಕದಲ್ಲೋ ಬಿಸಿಲು ಬೀಳುವಲ್ಲೋ ಬೇಡ, ಲಿಥಿಯಂ ಬ್ಯಾಟರಿಗೆ ಶಾಖ ಆಗಿಬರುವುದಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಒಲೆಯಿಂದ ದೂರ ಅಂಥ ಒಂದು ಮೂಲೆ ಇತ್ತು. ಅದಿಲ್ಲದಿದ್ದರೆ ನಾನು ಕೊಳ್ಳುತ್ತಿರಲಿಲ್ಲ.

ತಂದದ್ದು ಬ್ಯಾಟರಿ ಬಿಚ್ಚಲು ಬರುವಂಥದ್ದನ್ನು. ನೂರಾರು ಸಲ ಚಾರ್ಜಾದ ಮೇಲೆ ಯಾವ ಬ್ಯಾಟರಿಯಾದರೂ ಸೊರಗುತ್ತದೆ, ಆಗ ಬ್ಯಾಟರಿ ಬದಲಾಯಿಸಬೇಕೇ ಹೊರತು ಯಂತ್ರವನ್ನಲ್ಲ. ಇಷ್ಟಾದರೂ ಪೊರಕೆ ಮನೆ ಬಿಟ್ಟಿಲ್ಲ. ಬಚ್ಚಲ ಒದ್ದೆ ನೆಲಕ್ಕೆ, ಹೊರಗಿನ ಮೆಟ್ಟಿಲಿಗೆ ಅದೇ. ನೆಲ ಒರೆಸುವುದೂ ತಪ್ಪಿಲ್ಲ, ಅಂಟಿದ ಕಲೆಯನ್ನು ಗಾಳಿ ಎತ್ತುವುದಿಲ್ಲ. ಒರೆಸುವ ನೀರು ಮಾತ್ರ ಮೊದಲಿನಷ್ಟು ಕಪ್ಪಾಗುವುದಿಲ್ಲ.

ನಮ್ಮಲ್ಲಿ ನೋಡಿ ಅಕ್ಕನೂ ಕೊಳ್ಳಲು ಹೊರಟಳು. ಟೇಪು, ಜಾಡಿ, ನೀರಿನ ಬಾಟಲಿ ಹಿಡಿದು ಅವಳ ಮನೆಗೂ ಹೋದೆ. ಮೂರು ಮಹಡಿ, ಕೋಣೆಗೊಂದು ದಪ್ಪ ಕಾರ್ಪೆಟ್ಟು, ಎರಡು ನಾಯಿ. ಒಂದು ಕೋಣೆಯ ನಾಯಿಕೂದಲಿಗೇ ಜಾಡಿ ಅರ್ಧ ಲೀಟರ್ ದಾಟಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಗುಡಿಸುವುದು ಶನಿವಾರ ಮಾತ್ರ, ಎರಡು ಗಂಟೆ. “ಬೇಡ ಅಕ್ಕ, ನಿನಗೆ ವೈರಿನದೇ ಸರಿ, ದೊಡ್ಡ ಚೀಲದ್ದು ತಗೋ” ಅಂದೆ. “ನಿನಗೆ ಮಾತ್ರ ಬೇಕು, ನನಗೆ ಬೇಡವಾ?” ಅಂತ ಮುನಿಸಿಕೊಂಡಳು. ಶನಿವಾರ ಬಂದು ನಮ್ಮದನ್ನು ಒಯ್ದಳು. ಅದು ಎರಡನೆಯ ಕೋಣೆಯಲ್ಲೇ ಕೈಕೊಟ್ಟಿತು. ಭಾನುವಾರ ವಾಪಸ್ ತಂದಿಟ್ಟು, ವೈರಿನದು ಯಾವುದು ಒಳ್ಳೆಯದು ಅಂತ ಕೇಳಿದಳು.

ಅಟ್ಟದ ಮೇಲಿನದನ್ನು ಕಾರಿನ ಸೀಟಿಗಾದರೂ ಬಳಸೋಣ ಎಂದು ಮೊನ್ನೆ ಇಳಿಸಿದೆ. ಅಷ್ಟಕ್ಕೆ 8 ನಿಮಿಷವೇ ಧಾರಾಳ. ಆದರೆ ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಬ್ಯಾಟರಿ ಚಾರ್ಜೇ ಹಿಡಿಯಲಿಲ್ಲ. ಬಿಚ್ಚೋಣವೆಂದರೆ ಅದು ಒಳಗೇ ಕೂತಿದೆ. ಲಿಥಿಯಂ ಬ್ಯಾಟರಿಯನ್ನು ಮನೆಕಸದ ಜೊತೆ ಎಸೆಯುವಂತಿಲ್ಲ, ಬೆಂಕಿ ಹತ್ತಬಹುದು. ಇಡೀ ಯಂತ್ರವನ್ನೇ ಇ-ತ್ಯಾಜ್ಯಕ್ಕೆ ಕೊಡಬೇಕು. ಸದ್ಯಕ್ಕೆ ಬಾಗಿಲ ಹಿಂದೆ, ಹೊಸದರ ಪಕ್ಕದಲ್ಲೇ ಒರಗಿಸಿಟ್ಟಿದ್ದೇನೆ. ಯಾವಾಗ ಸಾಗಹಾಕುತ್ತೀರಿ ಅಂತ ಹೆಂಡತಿ ದಿನಾ ಕೇಳುತ್ತಾಳೆ.