ಸೆಲ್ಫ್ ಎಳೆಯುತ್ತಿಲ್ವಾ? ಬ್ಯಾಟರಿ ಕೊಳ್ಳುವ ಮೊದಲು ಅರ್ತ್ ನೋಡಿ

ನನ್ನದು 1998ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಉಡುಪಿ ಕಡೆಯ ಉಪ್ಪುಗಾಳಿಯಲ್ಲೇ ಹಳತಾದದ್ದು. ಸೆಲ್ಫ್ ಹೊಡೆದರೆ ಎಳೆಯಲಾರದೆ ಎಳೆಯುವುದು, ರಾತ್ರಿ ಹೆಡ್‌ಲೈಟ್ ಹಳದಿಯಾಗುವುದು ಇಂಥ ಗಾಡಿಗಳ ಮಾಮೂಲು ಕಾಯಿಲೆ. ತೋರಿಸಿದಲ್ಲೆಲ್ಲ "ಬ್ಯಾಟರಿ ಹೋಗಿದೆ" ಅಂತಾರೆ. ಹೋಗಿರಲೂಬಹುದು. ಆದರೆ ವೋಲ್ಟೇಜ್ ದಾರಿಯಲ್ಲೇ, ಅದರಲ್ಲೂ ಅರ್ತ್‌ನಲ್ಲಿ (ಎಂಜಿನ್, ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ ಕರೆಂಟ್ ವಾಪಸ್ ಬರುವ ಜೋಡಣೆ) ಸೋರಿಹೋಗುತ್ತಿದ್ದರೆ ಹೊಸ ಬ್ಯಾಟರಿ ಹಾಕಿಯೂ ಅಷ್ಟೇ.

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟಿಗೆ ಇಡಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6ರ ಹತ್ತಿರ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಇಷ್ಟು ಸರಿಯಿದ್ದರೆ ವಯರಿಗೆ ಬನ್ನಿ.

ಕೆಲವರು ಮೀಟರನ್ನು ಬೀಪ್‌ಗೆ (ವಯರ್ ತುಂಡಾಗಿದೆಯಾ ಅಂತ ನೋಡುವ ಸ್ಥಾನ) ಇಟ್ಟು, ಕೂಗಿತು ಅಂದರೆ ವಯರ್ ಸರಿ ಅಂತಾರೆ. ಸುಮ್ನೆ ಸಮಾಧಾನ ಅದು. ಒಂದೇ ಎಳೆ ಉಳಿದ ಕೇಬಲ್ಲೂ ಬೀಪ್ ಅನ್ನುತ್ತದೆ. ಸ್ಟಾರ್ಟರ್ 100 ಆಂಪಿಯರ್ ಎಳೆದರೆ 0.01 ಓಮ್ ರೆಸಿಸ್ಟೆನ್ಸ್ ಕೂಡ ಒಂದು ವೋಲ್ಟ್ ನುಂಗುತ್ತದೆ. ಅಷ್ಟು ಸಣ್ಣದು ಮಾಮೂಲಿ ಮೀಟರಿಗೆ ಕಾಣುವುದಿಲ್ಲ. ಹಾಗಾಗಿ ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲ್‌ನ ಸಣ್ಣ ವಯರ್ ಕಳಚಿಡಿ. ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ನ ಸೀಸದ ಕಂಬದ ಮೇಲೆ, ಅದನ್ನು ಕಚ್ಚಿ ಹಿಡಿದ ಕ್ಲಾಂಪ್ ಮೇಲಲ್ಲ. ಕೆಂಪು ಕಡ್ಡಿ ಎಂಜಿನ್ನಿನ ಬರೀ ಲೋಹದ ಮೇಲೆ. ಮನೆಯವರ ಹತ್ತಿರ ಕೀ ತಿರುಗಿಸಲು ಹೇಳಿ. 0.2 ವೋಲ್ಟ್ ಒಳಗಿದ್ದರೆ ಸರಿ. ಜಾಸ್ತಿ ಬಂತೋ, ಕೆಂಪು ಕಡ್ಡಿಯನ್ನು ಕ್ಲಾಂಪಿಗೆ, ಆಮೇಲೆ ಕೇಬಲ್ ತುದಿಯ ಕಿವಿಗೆ (ಬೋಲ್ಟ್ ತೂರುವ ಲೋಹದ ಬಳೆ) ಮುಟ್ಟಿಸುತ್ತ ಹೋಗಿ. ಅಂಕಿ ಎಲ್ಲಿ ಹಾರುತ್ತದೋ ಅಲ್ಲೇ ತೊಂದರೆ. ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿಗೂ ಹೀಗೇ ಅಳೆಯಿರಿ. ಅಲ್ಲಿ 0.5ರವರೆಗೆ ಪರವಾಗಿಲ್ಲ.

ನನ್ನ ಗಾಡಿಯಲ್ಲಿ ಸಿಕ್ಕಿದ್ದು ಗೇರ್‌ಬಾಕ್ಸಿನ ಅರ್ತ್ ಬೋಲ್ಟ್. ಹೊರಗಿನಿಂದ ಬಿಗಿಯಾಗಿ, ಚೆನ್ನಾಗಿಯೇ ಕಾಣುತ್ತಿತ್ತು. ಬಿಚ್ಚಿದರೆ ಕಿವಿಯ ಅಡಿಯಲ್ಲೆಲ್ಲ ಹಸಿರು ಪುಡಿ! ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಉಪ್ಪು ಕಾಗದದಲ್ಲಿ ಎರಡೂ ಕಡೆ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲಿಂದ ವ್ಯಾಸಲೀನ್ ಬಳಿದೆ. 0.9 ಇದ್ದದ್ದು 0.1ಕ್ಕೆ ಇಳಿಯಿತು.

ಹೆಡ್‌ಲೈಟಿಗೂ ಲೆಕ್ಕ ಅದೇ. ಲೈಟ್ ಹಾಕಿ, ಬಲ್ಬಿನ ಅರ್ತ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆಯಿರಿ. ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಹೆಚ್ಚುಕಡಿಮೆ ಮೂವತ್ತು ಕಡಿಮೆಯಾಗುತ್ತದೆ. ಅರ್ತ್ ಸರಿಯಿದ್ದೂ ಬೆಳಕಿಲ್ಲವೆಂದರೆ ಸ್ಟೇರಿಂಗ್ ಸ್ವಿಚ್ ಸವೆದಿರಬಹುದು. ಬ್ಯಾಟರಿಯಿಂದ ನೇರ ವಯರ್ ಎಳೆದು, ಹತ್ತಿರದಲ್ಲೇ ಫ್ಯೂಸ್ ಕೊಟ್ಟು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಹಾಕಿಸಿ. ಬೆಳಕು ಸಾಲದೆಂದು 100 ವ್ಯಾಟ್ ಬಲ್ಬ್ ಮಾತ್ರ ಹಾಕಬೇಡಿ. ಹಳೆ ವಯರಿನಲ್ಲಿ ವೋಲ್ಟೇಜ್ ಇನ್ನೂ ಬೀಳುತ್ತದೆ, ಹೋಲ್ಡರ್ ಕರಗುತ್ತದೆ.